ಪುಟ್ಟ ಮಕ್ಕಳ ಕವಾಸಾಕಿ ಕಾಯಿಲೆ: ಶುರುವಾಗುವುದು ಯಾತರಿಂದ?

ಮಗುವಿಗೆ ಕವಾಸಾಕಿ ಕಾಯಿಲೆ ಎಂದು ಡಾಕ್ಟರ್ ಹೇಳಿದ ಕೂಡಲೇ ಅಪ್ಪ ಅಮ್ಮ ಹಿಂದಿನ ಹದಿನೈದು ದಿನಗಳನ್ನು ಜಾಲಾಡಲು ಶುರು ಮಾಡುತ್ತಾರೆ. ಜಾತ್ರೆಯಲ್ಲಿ ಐಸ್‌ಕ್ರೀಂ ಕೊಡಿಸಿದ್ದಕ್ಕಾ? ಹೋದ ವಾರ ಹಾಕಿಸಿದ ಲಸಿಕೆಯಿಂದಲಾ? ಮನೆಗೆ ಪೇಂಟ್ ಹೊಡೆಸಿದ್ದಕ್ಕಾ? ಅಜ್ಜಿ ಊರಲ್ಲಿ ಮಣ್ಣಲ್ಲಿ ಆಡಲು ಬಿಟ್ಟಿದ್ದಕ್ಕಾ? ನೆಂಟರು ಕೂಡ ಸುಮ್ನೆ ಇರುವುದಿಲ್ಲ, ಒಬ್ಬೊಬ್ಬರು ಒಂದೊಂದು ಕಾರಣ ಹೇಳಿ ಹೋಗುತ್ತಾರೆ. ಕೊನೆಗೆ ತಪ್ಪೆಲ್ಲ ಬಂದು ಬೀಳುವುದು ತಾಯಿಯ ಮೇಲೆ.

ಅದಕ್ಕೇ ಈ ಲೇಖನ. ಈ ಕಾಯಿಲೆಯನ್ನು ಯಾವುದು ಶುರು ಮಾಡುತ್ತದೆ ಎಂದು ಜಗತ್ತಿನ ಒಳ್ಳೊಳ್ಳೆಯ ತಲೆಗಳು ಅರವತ್ತು ವರ್ಷದಿಂದ ಹುಡುಕುತ್ತಿವೆ. ಇದೇ ಅಂತ ಬೆರಳು ಮಾಡಿ ತೋರಿಸುವಂಥ ಒಂದು ಕ್ರಿಮಿ ಇನ್ನೂ ಸಿಕ್ಕಿಲ್ಲ. ಆದರೆ ಈ ಹುಡುಕಾಟದಲ್ಲಿ ತುಂಬಾ ಸಂಗತಿಗಳು ಗೊತ್ತಾಗಿವೆ, ಕೆಲವು ಅನುಮಾನಗಳು ಗಟ್ಟಿಯಾಗಿವೆ, ಕೆಲವು ಬಿದ್ದುಹೋಗಿವೆ. ನನ್ನ ಓದಿನಲ್ಲಿ ಇದೆಲ್ಲ ಒಂದೇ ದಿಕ್ಕಿಗೆ ಬೊಟ್ಟು ಮಾಡುತ್ತದೆ: ಎಲ್ಲ ಮಕ್ಕಳಿಗೂ ಗಾಳಿಯ ಮೂಲಕ, ಉಸಿರಿನ ಮೂಲಕ ತಗಲುವ ಯಾವುದೋ ಮಾಮೂಲಿ ಸೋಂಕು, ಅಥವಾ ಅಂಥ ಹಲವು ಸೋಂಕುಗಳು, ಹುಟ್ಟಿನಿಂದಲೇ ಬೇರೆ ಥರ ಇರುವ ಕೆಲವೇ ಮಕ್ಕಳ ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸುತ್ತವೆ. ಹೋಟೆಲ್ ಊಟಕ್ಕೂ ಇದಕ್ಕೂ ಸಂಬಂಧವಿಲ್ಲ. ತಾಯಿ ಮಾಡಿದ, ಮಾಡದೇ ಬಿಟ್ಟ ಯಾವುದಕ್ಕೂ ಇಲ್ಲ.

ಮೊದಲು ಕಾಯಿಲೆ ಏನು ಅಂತ ನೋಡೋಣ. ಇದು ರಕ್ತನಾಳಗಳ ಉರಿಯೂತ. ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳಿಗೆ ಬರುತ್ತದೆ, ಅದರಲ್ಲೂ ಆರು ತಿಂಗಳಿಂದ ಎರಡು ವರ್ಷದವರಿಗೆ ಜಾಸ್ತಿ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಸುಮಾರು ಒಂದೂವರೆ ಪಟ್ಟು. ಐದು ದಿನ ಅಥವಾ ಅದಕ್ಕೂ ಜಾಸ್ತಿ ಬಿಡದ ಜ್ವರ, ಪ್ಯಾರಾಸಿಟಮಾಲ್‌ಗೆ ಸರಿಯಾಗಿ ಬಗ್ಗುವುದಿಲ್ಲ. ಎರಡೂ ಕಣ್ಣು ಕೆಂಪಾಗುತ್ತವೆ, ಆದರೆ ಗೀಜು ಇರುವುದಿಲ್ಲ. ತುಟಿ ಕೆಂಪಾಗಿ ಒಡೆಯುತ್ತದೆ, ನಾಲಿಗೆ ಸ್ಟ್ರಾಬೆರಿ ಹಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಮೈಮೇಲೆ ದದ್ದು. ಕೈ ಕಾಲು ಊದಿಕೊಂಡು ಕೆಂಪಾಗಿ, ಎರಡನೇ ವಾರದ ಹೊತ್ತಿಗೆ ಬೆರಳ ತುದಿಯಿಂದ ಚರ್ಮ ಸುಲಿಯುತ್ತದೆ. ಕುತ್ತಿಗೆಯ ಒಂದು ಬದಿಯಲ್ಲಿ ಗಡ್ಡೆ. ಜ್ವರದ ಜೊತೆ ಈ ಐದರಲ್ಲಿ ನಾಲ್ಕು ಇದ್ದರೆ ಡಾಕ್ಟರಿಗೆ ಕವಾಸಾಕಿ ನೆನಪಾಗಬೇಕು. ಕಷ್ಟ ಏನೆಂದರೆ ಇವು ಒಟ್ಟಿಗೆ ಬರಬೇಕು ಅಂತ ಇಲ್ಲ. ಸೋಮವಾರ ಕಂಡ ದದ್ದು ಬುಧವಾರ ಮಾಯವಾಗಿರುತ್ತದೆ. ಒಂದು ವರ್ಷದೊಳಗಿನ ಕೂಸುಗಳಲ್ಲಂತೂ ಎರಡೋ ಮೂರೋ ಲಕ್ಷಣ ಕಾಣಿಸಿದರೆ ಹೆಚ್ಚು, ಮತ್ತು ಹೃದಯಕ್ಕೆ ಪೆಟ್ಟು ಬೀಳುವ ಅಪಾಯ ಜಾಸ್ತಿ ಇರುವುದು ಅವರಿಗೇ.

ಹೃದಯ ಅಂದೆನಲ್ಲ, ಭಯ ಇರುವುದು ಅಲ್ಲಿ. ಜ್ವರ, ದದ್ದು ಎಲ್ಲ ಚಿಕಿತ್ಸೆ ಇಲ್ಲದೆಯೂ ಕೆಲವು ವಾರಗಳಲ್ಲಿ ತಾವಾಗಿಯೇ ಹೋಗುತ್ತವೆ. ಆದರೆ ಅಷ್ಟರೊಳಗೆ ಹೃದಯದ ಸ್ನಾಯುವಿಗೆ ರಕ್ತ ಕೊಡುವ ಕೊರೊನರಿ ನಾಳಗಳ ಗೋಡೆ ಸಡಿಲವಾಗಿ, ಹಳೇ ಸೈಕಲ್ ಟ್ಯೂಬ್ ಒಂದು ಕಡೆ ಉಬ್ಬುವ ಹಾಗೆ ಉಬ್ಬಿಕೊಂಡಿರಬಹುದು. ಚಿಕಿತ್ಸೆ ಸಿಗದ ಮಕ್ಕಳಲ್ಲಿ ನೂರಕ್ಕೆ 25ರಷ್ಟು ಮಂದಿಗೆ ಹೀಗಾಗುತ್ತದೆ. ಆ ಉಬ್ಬಿನಲ್ಲಿ ರಕ್ತ ಹೆಪ್ಪುಗಟ್ಟಿದರೆ ಮಗುವಿಗೂ ಹಾರ್ಟ್ ಅಟ್ಯಾಕ್ ಆಗುತ್ತದೆ. ಇಲ್ಲವೇ ಇಪ್ಪತ್ತು ಮೂವತ್ತು ವರ್ಷ ಬಿಟ್ಟು, ಎಲ್ಲರೂ ಮರೆತ ಮೇಲೆ.

ಹೆಸರು ಬಂದದ್ದು ಜಪಾನಿನ ಮಕ್ಕಳ ಡಾಕ್ಟರ್ ತೋಮಿಸಾಕು ಕವಾಸಾಕಿ ಅವರಿಂದ. 1961ರ ಜನವರಿಯಲ್ಲಿ ಟೋಕಿಯೋದ ರೆಡ್ ಕ್ರಾಸ್ ಆಸ್ಪತ್ರೆಯಲ್ಲಿ ನಾಲ್ಕು ವರ್ಷದ ಒಬ್ಬ ಹುಡುಗನನ್ನು ಅವರು ನೋಡಿದರು. ಯಾವ ಪುಸ್ತಕದ ಯಾವ ಕಾಯಿಲೆಗೂ ಅವನ ಲಕ್ಷಣ ಹೊಂದಲಿಲ್ಲ. ಹುಡುಗ ಗುಣವಾಗಿ ಮನೆಗೆ ಹೋದ, ಡಾಕ್ಟರ ತಲೆಯಲ್ಲಿ ಮಾತ್ರ ಉಳಿದುಬಿಟ್ಟ. ಅಂಥ 50 ಮಕ್ಕಳನ್ನು ನೋಡಿದ ಮೇಲೆ 1967ರಲ್ಲಿ ಜಪಾನಿ ಭಾಷೆಯಲ್ಲಿ ಪ್ರಕಟಿಸಿದರು. ಆಗ ಅವರಿಗೂ ಇದು ತಾನಾಗಿ ವಾಸಿಯಾಗುವ ಕಾಯಿಲೆ ಅಂತಲೇ ಅನ್ನಿಸಿತ್ತು. 1970ರಲ್ಲಿ ಜಪಾನ್ ದೇಶಾದ್ಯಂತ ಸರ್ವೆ ಶುರು ಮಾಡಿದಾಗಲೇ ಗುಣವಾದಂತೆ ಕಂಡ ಕೆಲವು ಮಕ್ಕಳು ಇದ್ದಕ್ಕಿದ್ದಂತೆ ಹೃದಯ ನಿಂತು ತೀರಿಕೊಂಡದ್ದು ಬೆಳಕಿಗೆ ಬಂತು. ಅದೇ ಹೊತ್ತಿಗೆ ಹವಾಯಿಯಲ್ಲಿ ಮೇರಿಯನ್ ಮೆಲಿಶ್ ಎಂಬ ಡಾಕ್ಟರ್ ಸ್ವತಂತ್ರವಾಗಿ ಇದೇ ಕಾಯಿಲೆಯನ್ನು ಗುರುತಿಸಿದ್ದರು. ಹಾಗಂತ ಇದು ಅರವತ್ತರ ದಶಕದಲ್ಲಿ ಹುಟ್ಟಿದ ಕಾಯಿಲೆ ಅಂತ ಹೇಳಲೂ ಆಗುವುದಿಲ್ಲ. 1871ರಲ್ಲೇ ಲಂಡನ್ನಿನ ಸ್ಯಾಮ್ಯುಯೆಲ್ ಗೀ ಏಳು ವರ್ಷದ ಹುಡುಗನೊಬ್ಬನ ಶವಪರೀಕ್ಷೆಯಲ್ಲಿ ಕೊರೊನರಿ ನಾಳ ಉಬ್ಬಿದ್ದನ್ನು ಬರೆದಿಟ್ಟಿದ್ದಾರೆ.

ಸರಿ, ಇದು ಸೋಂಕಿನಿಂದ ಶುರುವಾಗುತ್ತದೆ ಅನ್ನುವ ಅನುಮಾನ ಮೊದಲಿನಿಂದಲೂ ಯಾಕೆ? ವಯಸ್ಸು ನೋಡಿ. ಮೂರು ತಿಂಗಳೊಳಗಿನ ಕೂಸುಗಳಲ್ಲಿ ಇದು ತೀರಾ ಅಪರೂಪ, ದೊಡ್ಡವರಲ್ಲೂ ಹಾಗೆಯೇ. ತಾಯಿಯಿಂದ ಬಂದ ಪ್ರತಿಕಾಯಗಳು ಮೊದಲ ತಿಂಗಳುಗಳಲ್ಲಿ ಕಾಪಾಡುತ್ತವೆ, ಅವು ಇಳಿದ ಮೇಲೆ ಸೋಂಕು ತಗಲುತ್ತದೆ, ದೊಡ್ಡವರಾಗುವಷ್ಟರಲ್ಲಿ ಎಲ್ಲರಿಗೂ ಒಮ್ಮೆ ತಗಲಿ ಹೋಗಿರುತ್ತದೆ. ಹೀಗೆ ಓದಿದರೆ ಲೆಕ್ಕ ಸರಿಹೋಗುತ್ತದೆ. ಆಮೇಲೆ ಕಾಲ. ಜಪಾನಿನಲ್ಲಿ ಜನವರಿಯಲ್ಲಿ ಒಂದು ಏರಿಕೆ, ಬೇಸಿಗೆಯಲ್ಲಿ ಇನ್ನೊಂದು, ಅಕ್ಟೋಬರ್ ಸುಮಾರಿಗೆ ಇಳಿತ, ಇದು ವರ್ಷದಿಂದ ವರ್ಷಕ್ಕೆ ಬರುತ್ತದೆ. 1979, 1982, 1986ರಲ್ಲಿ ದೊಡ್ಡ ಅಲೆಗಳೇ ಎದ್ದವು, ಒಂದು ಕಡೆ ಶುರುವಾಗಿ ಕೆಲವು ತಿಂಗಳಲ್ಲಿ ದೇಶವನ್ನೆಲ್ಲ ಹಾದುಹೋದವು.

ನನಗೆ ಇದಕ್ಕಿಂತ ಬಲವಾಗಿ ಕಾಣುವುದು ಮನೆಯೊಳಗಿನ ಲೆಕ್ಕ. ಜಪಾನಿನ ಅಧ್ಯಯನದಲ್ಲಿ ಕವಾಸಾಕಿ ಬಂದ ಮಗುವಿನ ಅಣ್ಣ ತಮ್ಮ ಅಕ್ಕ ತಂಗಿಯರಲ್ಲಿ ಸುಮಾರು ಶೇಕಡಾ 2ರಷ್ಟು ಮಕ್ಕಳಿಗೆ ಒಂದು ವರ್ಷದೊಳಗೆ ಅದೇ ಕಾಯಿಲೆ ಬಂತು. ಬೇರೆ ಮಕ್ಕಳಿಗೆ ಹೋಲಿಸಿದರೆ ಇದು ಹತ್ತು ಪಟ್ಟು. ಅದರಲ್ಲೂ ಸುಮಾರು ಅರ್ಧದಷ್ಟು ಬಂದದ್ದು ಮೊದಲ ಮಗುವಿಗೆ ಬಂದ ಹತ್ತು ದಿನದೊಳಗೆ. ಬರೀ ವಂಶದ ಗುಣವಾಗಿದ್ದರೆ ಹತ್ತೇ ದಿನದಲ್ಲಿ ಯಾಕೆ? ಇಬ್ಬರೂ ಒಟ್ಟಿಗೆ ಏನನ್ನೋ ಎದುರಿಸಿದ್ದಾರೆ ಅಂತಲ್ವಾ? ಆದರೆ ಅದೇ ಅಂಕಿಯನ್ನು ತಿರುಗಿಸಿ ನೋಡಿ, ಒಂದೇ ಮನೆಯಲ್ಲಿ ಒಟ್ಟಿಗೆ ಉಂಡು ಮಲಗುವ ಮಕ್ಕಳಲ್ಲೂ ನೂರಕ್ಕೆ 98 ಮಂದಿಗೆ ಏನೂ ಆಗಲಿಲ್ಲ. ಹಾಗಾಗಿ ಇದು ದಡಾರದ ಥರ ಮಗುವಿನಿಂದ ಮಗುವಿಗೆ ಹರಡುವ ಕಾಯಿಲೆ ಅಲ್ಲ. ಕವಾಸಾಕಿ ಬಂದ ಮಗುವನ್ನು ದೂರ ಇಡಬೇಕಾಗಿಲ್ಲ, ಗುಣವಾದ ಮೇಲೆ ಅಂಗನವಾಡಿಗೋ ಶಾಲೆಗೋ ಬಂದರೆ ಯಾರೂ ಹೆದರಬೇಕಾಗಿಲ್ಲ.

ಅಪರಾಧಿಯನ್ನು ಹುಡುಕುವ ಕೆಲಸದಲ್ಲಿ ಬಂದು ಹೋದ ಹೆಸರುಗಳ ಪಟ್ಟಿ ಉದ್ದವಿದೆ. ಪಾದರಸದ ಮೇಲೆ ಅನುಮಾನ ಬಂತು, ಯಾಕೆಂದರೆ ಹಿಂದೆ ಹಲ್ಲು ಹುಟ್ಟುವಾಗ ಕೊಡುತ್ತಿದ್ದ ಪಾದರಸ ಬೆರೆಸಿದ ಪುಡಿ ತಿಂದ ಮಕ್ಕಳಲ್ಲಿ ಕೈ ಕಾಲು ಕೆಂಪಾಗಿ ಚರ್ಮ ಸುಲಿಯುತ್ತಿತ್ತು. ಮನೆ ಧೂಳಿನ ನುಸಿಗಳನ್ನೂ ಕಟಕಟೆಗೆ ತಂದರು. 1982ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಒಂದಷ್ಟು ಮಕ್ಕಳಿಗೆ ಒಟ್ಟಿಗೆ ಬಂದಾಗ ಅವರ ಮನೆಯ ಕಾರ್ಪೆಟ್‌ಗಳನ್ನು ಶಾಂಪೂ ಹಾಕಿ ತೊಳೆದದ್ದು ಕಂಡುಬಂತು. ಸುದ್ದಿ ಜೋರಾಯಿತು, ಆದರೆ ಬೇರೆ ಊರುಗಳಲ್ಲಿ ಅದನ್ನೇ ಹುಡುಕಿದಾಗ ಒಂದು ಕಡೆ ಸಿಕ್ಕರೆ ಇನ್ನೊಂದು ಕಡೆ ಸಿಗಲಿಲ್ಲ. ತೊಂಬತ್ತರ ದಶಕದಲ್ಲಿ ಬ್ಯಾಕ್ಟೀರಿಯಾಗಳು ಬಿಡುಗಡೆ ಮಾಡುವ, ರೋಗನಿರೋಧಕ ಕೋಶಗಳನ್ನು ಒಮ್ಮೆಗೇ ಹುಚ್ಚೆಬ್ಬಿಸುವ ವಿಷಗಳ ಸರದಿ. 2005ರಲ್ಲಿ ಅಮೆರಿಕದ ನ್ಯೂ ಹೇವನ್‌ನಲ್ಲಿ ಒಂದು ಕೊರೊನಾವೈರಸ್. ಹೌದು, ಕೋವಿಡ್‌ಗೂ ಹದಿನೈದು ವರ್ಷ ಮೊದಲು! ಮೊದಲ ವರದಿ ಭರವಸೆ ಹುಟ್ಟಿಸಿತು, ಬೇರೆ ದೇಶಗಳ ಪ್ರಯೋಗಾಲಯಗಳಲ್ಲಿ ಅದು ನಿಲ್ಲಲಿಲ್ಲ.

ಎಲ್ಲದರದ್ದೂ ಇದೇ ಕತೆ. ಒಂದು ಊರಲ್ಲಿ ಹೊಂದುತ್ತದೆ, ಇನ್ನೊಂದು ಊರಲ್ಲಿ ಕೈಕೊಡುತ್ತದೆ. ಇದನ್ನು ಸೋಲು ಅಂತ ಓದುವವರು ಇದ್ದಾರೆ. ನಾನು ಹಾಗೆ ಓದುವುದಿಲ್ಲ. ಎಲ್ಲ ಕಡೆಗೂ ಒಂದೇ ಕಾರಣ ಇರಲೇಬೇಕು ಅನ್ನುವ ನಂಬಿಕೆಯನ್ನೇ ಒಮ್ಮೆ ಪ್ರಶ್ನಿಸಬೇಕು ಅಂತ ಈ ಇತಿಹಾಸ ಹೇಳುತ್ತಿದೆ.

ಗಾಳಿಯ ಕತೆ ಇವೆಲ್ಲಕ್ಕಿಂತ ಬೆರಗು ಹುಟ್ಟಿಸುವಂಥದ್ದು. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೋದಲ್ಲಿ ಜೇನ್ ಬರ್ನ್ಸ್ ಎಂಬ ಮಕ್ಕಳ ಡಾಕ್ಟರ್ ದಶಕಗಳಿಂದ ಈ ಕಾಯಿಲೆಯ ಬೆನ್ನು ಹತ್ತಿದ್ದಾರೆ. ಬಾರ್ಸಿಲೋನಾದ ಹವಾಮಾನ ವಿಜ್ಞಾನಿ ಕ್ಸೇವಿಯರ್ ರೋಡೋ ಅವರ ಜೊತೆ ಸೇರಿದರು. ಜಪಾನಿನ ದಶಕಗಳ ರೋಗಿಗಳ ದಾಖಲೆಯನ್ನು ಒಂದು ಕಡೆ, ಎತ್ತರದಲ್ಲಿ ಬೀಸುವ ಗಾಳಿಯ ದಾಖಲೆಯನ್ನು ಇನ್ನೊಂದು ಕಡೆ ಇಟ್ಟು ನೋಡಿದಾಗ, ಏಷ್ಯಾದ ಒಳನಾಡಿನಿಂದ ಜಪಾನಿನ ಕಡೆ ಗಾಳಿ ಬೀಸಿದಾಗ ರೋಗಿಗಳು ಏರುತ್ತಿದ್ದರು, ಗಾಳಿ ದಿಕ್ಕು ಬದಲಿಸಿದಾಗ ಇಳಿಯುತ್ತಿದ್ದರು. ಅದೇ ಗಾಳಿ ಪೆಸಿಫಿಕ್ ಸಾಗರ ದಾಟಿ ಹವಾಯಿ, ಸ್ಯಾನ್ ಡಿಯೇಗೋ ತಲುಪಿದಾಗ ಅಲ್ಲೂ ಏರಿಕೆ. ಇದು 2011ರಲ್ಲಿ ಪ್ರಕಟವಾಯಿತು. 2014ರ ಇನ್ನೊಂದು ಪ್ರಬಂಧದಲ್ಲಿ ಅವರು ಮೂಲವನ್ನು ಇನ್ನೂ ಸಣ್ಣದು ಮಾಡಿದರು: ಚೀನಾದ ಈಶಾನ್ಯ ಭಾಗದಲ್ಲಿ ಏಕದಳ ಧಾನ್ಯ ಬೆಳೆಯುವ ದೊಡ್ಡ ಬಯಲು. ವಿಮಾನದಲ್ಲಿ ಜಪಾನಿನ ಮೇಲೆ ಎರಡು ಮೂರು ಕಿಲೋಮೀಟರ್ ಎತ್ತರಕ್ಕೆ ಹೋಗಿ ಗಾಳಿಯ ಧೂಳನ್ನು ಹಿಡಿದು ತಂದರು. ಅದರಲ್ಲಿ ಸಿಕ್ಕ ಶಿಲೀಂಧ್ರಗಳಲ್ಲಿ ಕ್ಯಾಂಡಿಡಾ ಜಾತಿಯದ್ದೇ ಮೇಲುಗೈ.

ಕ್ಯಾಂಡಿಡಾ ಅನ್ನುವ ಹೆಸರು ಬಂದಾಗ ಹಳಬರ ಕಿವಿ ನೆಟ್ಟಗಾಯಿತು. ಯಾಕೆಂದರೆ 1979ರಲ್ಲೇ ಜಪಾನಿನಲ್ಲಿ ಕವಾಸಾಕಿ ರೋಗಿಯ ಮಲದಿಂದ ತೆಗೆದ ಕ್ಯಾಂಡಿಡಾದ ಸಾರವನ್ನು ಇಲಿಗಳಿಗೆ ಚುಚ್ಚಿ, ಅವುಗಳ ಕೊರೊನರಿ ನಾಳದಲ್ಲಿ ಉರಿಯೂತ ಬರಿಸಿದ್ದರು. ಹಾಗಾದರೆ ಸಿಕ್ಕೇಬಿಟ್ಟಿತಲ್ಲ ಅನ್ನಬೇಡಿ. ಲ್ಯಾಕ್ಟೋಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾದ ಕೋಶಗೋಡೆಯ ಸಾರವನ್ನು ಚುಚ್ಚಿದರೂ ಇಲಿಗೆ ಹೆಚ್ಚುಕಡಿಮೆ ಅದೇ ಕಾಯಿಲೆ ಬರುತ್ತದೆ. ಅಂದರೆ ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ವಸ್ತುಗಳು ಒಂದೇ ರಕ್ತನಾಳವನ್ನು ಒಂದೇ ರೀತಿ ಕೆಡಿಸಬಲ್ಲವು. ಇದು ಇಲಿಯ ಮಾತು, ಮಗುವಿನ ಮಾತಲ್ಲ, ಆದರೂ ಮರೆಯಬಾರದ ಮಾತು. ಗಾಳಿಯ ಲೆಕ್ಕದಲ್ಲಿ ಇನ್ನೊಂದು ವಿಚಿತ್ರವೂ ಇದೆ. ಗಾಳಿ ಬಂದು ಒಂದೆರಡು ದಿನದೊಳಗೇ ರೋಗಿಗಳು ಕಾಣಿಸಿಕೊಳ್ಳುತ್ತಾರೆ ಎಂದು ಆ ಪ್ರಬಂಧ ಹೇಳುತ್ತದೆ. ವೈರಸ್ ಒಳಗೆ ಹೋಗಿ, ಬೆಳೆದು, ಜ್ವರ ತರಿಸಲು ಅಷ್ಟು ಸಮಯ ಸಾಲದು. ಹಾಗಾಗಿ ಅವರು ಸೋಂಕಿಗಿಂತ ಗಾಳಿಯಲ್ಲಿ ಬರುವ ಯಾವುದೋ ವಿಷವಸ್ತುವಿನ ಕಡೆ ವಾಲಿದರು. ನನಗೆ ಈ ವಾದ ಅಂದವಾಗಿ ಕಾಣುತ್ತದೆ, ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಗಾಳಿ ಬದಲಾದಾಗ ಚಳಿ ಬದಲಾಗುತ್ತದೆ, ಚಳಿ ಬದಲಾದಾಗ ಮಕ್ಕಳು ಒಳಗೆ ಸೇರುತ್ತಾರೆ, ಒಳಗೆ ಸೇರಿದಾಗ ನೆಗಡಿ ಕೆಮ್ಮು ಹರಡುತ್ತದೆ. ಎರಡು ಗೆರೆ ಒಟ್ಟಿಗೆ ಏರಿ ಇಳಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಅನ್ನಲಾಗದು.

ಆಮೇಲೆ ಬಂತು 2020. ಯಾವ ವಿಜ್ಞಾನಿಯೂ ಕೈಯಾರೆ ಮಾಡಲಾಗದಂಥ ಪ್ರಯೋಗವನ್ನು ಕೋವಿಡ್ ಜಗತ್ತಿನ ಮೇಲೆ ಮಾಡಿತು. ಶಾಲೆ ಬಂದ್, ಎಲ್ಲರ ಮುಖಕ್ಕೆ ಮಾಸ್ಕ್, ಮಕ್ಕಳು ಮನೆಯೊಳಗೆ. ಗಾಳಿ ಮಾತ್ರ ಎಂದಿನಂತೆ ಬೀಸುತ್ತಲೇ ಇತ್ತು. ಆಗ ಕವಾಸಾಕಿಗೆ ಏನಾಯಿತು? ಜಪಾನಿನ ದೇಶವ್ಯಾಪಿ ಸರ್ವೆ ಪ್ರಕಾರ 2019ರಲ್ಲಿ 17,347 ಮಕ್ಕಳಿಗೆ ಬಂದಿತ್ತು, 2020ರಲ್ಲಿ 11,173 ಮಕ್ಕಳಿಗೆ. ಒಂದೇ ವರ್ಷದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇಳಿಕೆ! ಅಮೆರಿಕದಲ್ಲೂ ಕಾಲು ಭಾಗಕ್ಕಿಂತ ಜಾಸ್ತಿ ಇಳಿಯಿತು. ಕೋವಿಡ್ ಭಯಕ್ಕೆ ಜನ ಆಸ್ಪತ್ರೆಗೆ ಬರಲಿಲ್ಲ, ಅದಕ್ಕೇ ಇಳಿಕೆ ಅಂತ ಕೆಲವರು ಹೇಳಬಹುದು. ಆದರೆ ಐದಾರು ದಿನ ಜ್ವರ ಬಿಡದ ಪುಟ್ಟ ಮಗುವನ್ನು ಮನೆಯಲ್ಲಿ ಇಟ್ಟುಕೊಂಡು ಕೂರುವವರು ಜಪಾನಿನಲ್ಲಿ ಅಷ್ಟು ಮಂದಿ ಇರಲಾರರು. ಮಕ್ಕಳು ಒಬ್ಬರಿಗೊಬ್ಬರು ಸೇರದಿದ್ದರೆ, ಮೂಗು ಬಾಯಿ ಮುಚ್ಚಿದ್ದರೆ ಕಾಯಿಲೆ ಇಳಿಯುತ್ತದೆ ಅಂದಮೇಲೆ, ಶುರು ಮಾಡುವ ವಸ್ತುಗಳಲ್ಲಿ ಒಂದು ದೊಡ್ಡ ಪಾಲು ಉಸಿರಿನ ಮೂಲಕ ಮನುಷ್ಯರಿಂದ ಮನುಷ್ಯರಿಗೆ ದಾಟುವಂಥದ್ದು. ಅರವತ್ತು ವರ್ಷದ ಹುಡುಕಾಟದಲ್ಲಿ ಇಷ್ಟು ಗಟ್ಟಿ ಸುಳಿವು ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಪೂರ್ತಿ ಸೊನ್ನೆಗೆ ಇಳಿಯಲಿಲ್ಲ ಅನ್ನುವುದನ್ನೂ ಗಮನಿಸಿ. ಉಳಿದ ಹನ್ನೊಂದು ಸಾವಿರ ಮಕ್ಕಳಲ್ಲಿ ಏನು ಕೆಲಸ ಮಾಡಿತು? ಮನೆಯವರಿಂದಲೇ ದಾಟುವ ಸೋಂಕಾ, ಗಾಳಿಯ ಧೂಳಾ, ಇನ್ನೇನಾದರೂ ಇದೆಯಾ? ಆ ಪ್ರಶ್ನೆ ತೆರೆದೇ ಇದೆ.

ಅದೇ ಕೋವಿಡ್ ಇನ್ನೊಂದು ಪಾಠವನ್ನೂ ತಂದಿತು. 2020ರ ವಸಂತದಲ್ಲಿ ಇಟಲಿಯ ಬೆರ್ಗಾಮೋದಲ್ಲಿ, ಹಿಂದಿನ ಐದು ವರ್ಷಗಳಲ್ಲಿ ಒಟ್ಟು 19 ಕವಾಸಾಕಿ ಮಕ್ಕಳನ್ನು ಕಂಡಿದ್ದ ಆಸ್ಪತ್ರೆಗೆ ಎರಡೇ ತಿಂಗಳಲ್ಲಿ ಅಂಥ 10 ಮಕ್ಕಳು ಬಂದರು. ಬ್ರಿಟನ್ ಎಚ್ಚರಿಕೆ ಕೊಟ್ಟಿತು, ಆಮೇಲೆ ಇದಕ್ಕೆ ಎಂಐಎಸ್-ಸಿ, ಅಂದರೆ ಮಕ್ಕಳ ಹಲವು ಅಂಗಗಳಲ್ಲಿ ಒಟ್ಟಿಗೆ ಏಳುವ ಉರಿಯೂತ, ಅಂತ ಹೆಸರಾಯಿತು. 2021ರಲ್ಲಿ ಎರಡನೇ ಅಲೆ ಮುಗಿದ ಮೇಲೆ ಕರ್ನಾಟಕದ ಆಸ್ಪತ್ರೆಗಳಿಗೂ ಇಂಥ ಮಕ್ಕಳು ಬಂದರು, ಪತ್ರಿಕೆಗಳಲ್ಲಿ ನೀವೂ ಓದಿರಬಹುದು. ಇದು ಕವಾಸಾಕಿಯೇ ಅಲ್ಲ. ಬರುವ ಮಕ್ಕಳು ಎಂಟು ಒಂಬತ್ತು ವರ್ಷದವರು, ಹೊಟ್ಟೆನೋವು ಭೇದಿ ಜಾಸ್ತಿ, ನಾಳಕ್ಕಿಂತ ಹೃದಯದ ಸ್ನಾಯುವಿಗೆ ಪೆಟ್ಟು. ಆದರೆ ಕೆಂಪು ಕಣ್ಣು, ಒಡೆದ ತುಟಿ, ದದ್ದು, ಬಿಡದ ಜ್ವರ ಎಲ್ಲ ಅದೇ. ಇಲ್ಲಿ ಶುರು ಮಾಡಿದ್ದು ಯಾರು ಎಂದು ನಮಗೆ ಗೊತ್ತು, ಹೆಸರು ವಿಳಾಸ ಸಮೇತ. ಸೋಂಕು ಬಂದು ಎರಡರಿಂದ ಆರು ವಾರ ಕಳೆದ ಮೇಲೆ, ವೈರಸ್ ಹೆಚ್ಚುಕಡಿಮೆ ಹೋಗಿಯೇ ಬಿಟ್ಟಿರುವಾಗ, ದೇಹ ತನ್ನ ಮೇಲೆ ತಾನೇ ತಿರುಗಿ ಬೀಳುತ್ತದೆ. ಕೋಟ್ಯಂತರ ಮಕ್ಕಳಿಗೆ ಕೋವಿಡ್ ಬಂತು, ಬಹುತೇಕ ಎಲ್ಲರಿಗೂ ನೆಗಡಿಯಷ್ಟೇ. ಕೆಲವೇ ಕೆಲವರಿಗೆ ಹೀಗಾಯಿತು. ಕವಾಸಾಕಿಯಲ್ಲೂ ಶುರು ಮಾಡಿದವನು ಡಾಕ್ಟರ್ ಪರೀಕ್ಷೆ ಮಾಡುವ ಹೊತ್ತಿಗೆ ಜಾಗ ಖಾಲಿ ಮಾಡಿರುತ್ತಾನೆ ಅನ್ನುವುದಾದರೆ, ಇಷ್ಟು ವರ್ಷ ಯಾಕೆ ಕೈಗೆ ಸಿಗಲಿಲ್ಲ ಅನ್ನುವುದು ಅರ್ಥವಾಗುತ್ತದೆ.

ಕೆಲವೇ ಮಕ್ಕಳಿಗೆ ಯಾಕೆ? ಇಲ್ಲಿ ವಂಶವಾಹಿಯ ಮಾತು ಬರುತ್ತದೆ. ಜಪಾನಿನಲ್ಲಿ ಐದು ವರ್ಷದೊಳಗಿನ ಒಂದು ಲಕ್ಷ ಮಕ್ಕಳಲ್ಲಿ ವರ್ಷಕ್ಕೆ 300ಕ್ಕಿಂತ ಜಾಸ್ತಿ ಮಂದಿಗೆ ಬರುತ್ತದೆ. ಕೊರಿಯಾ, ತೈವಾನ್ ನಂತರದ ಸಾಲಿನಲ್ಲಿವೆ. ಅಮೆರಿಕದಲ್ಲಿ 20ರ ಆಸುಪಾಸು. ಅದು ಜಪಾನಿನ ನೀರು, ಗಾಳಿ, ಊಟದ ಪ್ರಭಾವ ಇರಬಹುದಲ್ಲ ಅಂದರೆ ಹವಾಯಿಗೆ ಹೋಗಿ ನೋಡಬೇಕು. ಅಲ್ಲಿ ಒಂದೇ ದ್ವೀಪದಲ್ಲಿ, ಒಂದೇ ಗಾಳಿ ಕುಡಿಯುವ ಮಕ್ಕಳಲ್ಲಿ, ಜಪಾನಿ ಮೂಲದವರಲ್ಲಿ ಲಕ್ಷಕ್ಕೆ ಸುಮಾರು 210, ಬಿಳಿಯರಲ್ಲಿ 14ರಷ್ಟು. ಜಪಾನಿನಲ್ಲೇ ಚಿಕ್ಕಂದಿನಲ್ಲಿ ಕವಾಸಾಕಿ ಬಂದಿದ್ದವರ ಮಕ್ಕಳಿಗೆ ಬರುವ ಸಾಧ್ಯತೆಯೂ ಬೇರೆಯವರಿಗಿಂತ ಜಾಸ್ತಿ. 2008ರಲ್ಲಿ ಜಪಾನಿನ ವಿಜ್ಞಾನಿಗಳು ಐಟಿಪಿಕೆಸಿ ಎಂಬ ವಂಶವಾಹಿಯಲ್ಲಿ ಒಂದು ಸಣ್ಣ ವ್ಯತ್ಯಾಸ ಕಂಡುಹಿಡಿದರು. ರೋಗನಿರೋಧಕ ಕೋಶಗಳು ಕೆರಳಿದಾಗ ಅವನ್ನು ತಣ್ಣಗಾಗಿಸುವ ಕೆಲಸ ಅದರದ್ದು, ವ್ಯತ್ಯಾಸ ಇರುವವರಲ್ಲಿ ಆ ಹಿಡಿತ ಸಡಿಲ. ಆಮೇಲೆ ಇಂಥ ಇನ್ನೂ ಹಲವು ಸಿಕ್ಕಿವೆ. ಯಾವುದೂ ಒಂಟಿಯಾಗಿ ಕಾಯಿಲೆ ತರುವುದಿಲ್ಲ. ಒಂದೇ ವಂಶವಾಹಿ ಹೊತ್ತ ಅವಳಿಗಳಲ್ಲೂ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವುದು ಅಪರೂಪವೇ.

ಈಗ ತಜ್ಞರ ನಡುವೆ ಇರುವ ದೊಡ್ಡ ಜಗಳ: ಒಂದೇ ವೈರಸ್ಸಾ, ಹಲವಾ? ಶಿಕಾಗೋದ ಆ್ಯನ್ ರೌಲಿ ಒಂದೇ ಅನ್ನುವ ಪಕ್ಷ. ಸತ್ತ ಮಕ್ಕಳ ಕೊರೊನರಿ ನಾಳದ ಗೋಡೆಯಲ್ಲಿ ಅವರಿಗೆ ಐಜಿಎ ಪ್ರತಿಕಾಯ ತಯಾರಿಸುವ ಕೋಶಗಳು ಕಂಡವು. ಮೂಗು, ಗಂಟಲು, ಕರುಳಿನ ಮೂಲಕ ಬರುವ ಕ್ರಿಮಿಗಳ ವಿರುದ್ಧ ದೇಹ ಬಳಸುವ ಪ್ರತಿಕಾಯ ಅದು, ಹೃದಯದ ನಾಳದಲ್ಲಿ ಅದಕ್ಕೇನು ಕೆಲಸ? ಶ್ವಾಸನಾಳದ ಕೋಶಗಳೊಳಗೆ ವೈರಸ್ ಬಿಟ್ಟುಹೋದಂತೆ ಕಾಣುವ ಗುಪ್ಪೆಗಳೂ ಅವರಿಗೆ ಸಿಕ್ಕವು. 2020ರಲ್ಲಿ ರೋಗಿಗಳ ರಕ್ತದಿಂದಲೇ ತಯಾರಿಸಿದ ಪ್ರತಿಕಾಯಗಳು ಬೇರೆ ಬೇರೆ ಮಕ್ಕಳ ಆ ಗುಪ್ಪೆಗಳಿಗೆ ಅಂಟಿಕೊಳ್ಳುವುದನ್ನು ತೋರಿಸಿದರು. ಇತ್ತ ಸ್ಯಾನ್ ಡಿಯೇಗೋದ ಬರ್ನ್ಸ್ ತಂಡ ಹೇಳುವುದೇ ಬೇರೆ. ಅವರ ದಾಖಲೆಯಲ್ಲಿ ಕವಾಸಾಕಿ ಗುಂಪು ಗುಂಪಾಗಿ ಬರುತ್ತದೆ, ಮತ್ತು ಒಂದು ಗುಂಪಿನ ಮಕ್ಕಳ ಲಕ್ಷಣಗಳು ತಮ್ಮ ತಮ್ಮಲ್ಲಿ ಹೋಲುತ್ತವೆ, ಇನ್ನೊಂದು ಗುಂಪಿನದ್ದು ಬೇರೆ ಥರ. ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ವಸ್ತು ಶುರು ಮಾಡುತ್ತಿದೆ ಅನ್ನುವುದಕ್ಕೆ ಇದು ಸಾಕ್ಷಿ ಅಂತ ಅವರ ವಾದ. ಎಂಐಎಸ್-ಸಿ ನೋಡಿದ ಮೇಲೆ, ಇಲಿಗಳ ಪ್ರಯೋಗ ಓದಿದ ಮೇಲೆ ನನಗೆ ಎರಡನೆಯದ್ದೇ ಹೆಚ್ಚು ಸರಿ ಅನ್ನಿಸುತ್ತದೆ. ಆದರೆ ರೌಲಿಯವರ ಗುಪ್ಪೆಗಳಿಗೆ ಬರ್ನ್ಸ್ ಪಕ್ಷದವರು ಇನ್ನೂ ಸಮಾಧಾನಕರ ಉತ್ತರ ಕೊಟ್ಟಿಲ್ಲ ಅನ್ನುವುದೂ ನಿಜ.

ಲಸಿಕೆಯ ವಿಷಯ ಬಿಡಿಸಿ ಹೇಳಲೇಬೇಕು, ಯಾಕೆಂದರೆ ವಾಟ್ಸ್ಆ್ಯಪ್‌ನಲ್ಲಿ ಮೊದಲು ಓಡುವುದು ಅದೇ. ಕವಾಸಾಕಿ ಬರುವ ವಯಸ್ಸು ಮತ್ತು ಮಕ್ಕಳಿಗೆ ಸಾಲು ಸಾಲಾಗಿ ಲಸಿಕೆ ಹಾಕಿಸುವ ವಯಸ್ಸು ಒಂದೇ. ಹಾಗಾಗಿ ಲಸಿಕೆ ಹಾಕಿಸಿದ ವಾರದಲ್ಲೇ ಕಾಯಿಲೆ ಬಂದ ಮಕ್ಕಳು ಇದ್ದೇ ಇರುತ್ತಾರೆ. ಲಸಿಕೆಯಿಂದ ಬಂತಾ ಅಂತ ತಿಳಿಯಬೇಕಾದರೆ ಲಸಿಕೆಯ ನಂತರದ ವಾರಗಳಲ್ಲಿ ಉಳಿದ ವಾರಗಳಿಗಿಂತ ಜಾಸ್ತಿ ಬರುತ್ತದಾ ಅಂತ ನೋಡಬೇಕು. ಅಮೆರಿಕದಲ್ಲಿ 1996ರಿಂದ 2006ರವರೆಗಿನ ದಾಖಲೆಗಳಲ್ಲಿ ಹೀಗೆ ನೋಡಿದಾಗ ಏರಿಕೆ ಕಾಣಲಿಲ್ಲ. ನಮ್ಮಲ್ಲಿ ಕ್ಷಯದ ವಿರುದ್ಧ ಹಾಕುವ ಬಿಸಿಜಿ ಲಸಿಕೆ ಬಗ್ಗೆ ಇನ್ನೊಂದು ಗೊಂದಲ. ಹುಟ್ಟಿದಾಗ ಎಡ ತೋಳಿಗೆ ಹಾಕಿದ ಬಿಸಿಜಿಯ ಕಲೆ ಕವಾಸಾಕಿ ಬಂದಾಗ ಕೆಲವು ಕೂಸುಗಳಲ್ಲಿ ಕೆಂಪಾಗಿ ಊದಿಕೊಳ್ಳುತ್ತದೆ. ಅದನ್ನು ನೋಡಿ ಲಸಿಕೆಯೇ ತಿರುಗಿ ಬಿದ್ದಿದೆ ಅಂತ ಹೆದರುವವರು ಇದ್ದಾರೆ. ಬಿಸಿಜಿಯನ್ನು ಎಲ್ಲ ಮಕ್ಕಳಿಗೂ ಹಾಕುವ ಪದ್ಧತಿಯೇ ಇಲ್ಲದ ಅಮೆರಿಕದಲ್ಲೂ ಕವಾಸಾಕಿ ಬರುತ್ತದಲ್ಲ! ಆ ಕೆಂಪು ಕಲೆ ಕಾರಣ ಅಲ್ಲ, ಸುಳಿವು. ಬಿಡದ ಜ್ವರದ ಜೊತೆ ಅದು ಕಂಡರೆ ಕೂಡಲೇ ಡಾಕ್ಟರಿಗೆ ತೋರಿಸಬೇಕಾದ ಸುಳಿವು, ಅದರಲ್ಲೂ ಬೇರೆ ಲಕ್ಷಣಗಳು ಸರಿಯಾಗಿ ಕಾಣದ ಒಂದು ವರ್ಷದೊಳಗಿನ ಮಕ್ಕಳಲ್ಲಿ.

ನಮ್ಮ ದೇಶದಲ್ಲಿ ಎಷ್ಟು ಮಕ್ಕಳಿಗೆ ಬರುತ್ತಿದೆ ಅನ್ನುವ ಲೆಕ್ಕವನ್ನು ವರ್ಷಗಟ್ಟಲೆ ಇಟ್ಟಿರುವುದು ಮುಖ್ಯವಾಗಿ ಚಂಡೀಗಢದ ಪಿಜಿಐ ಆಸ್ಪತ್ರೆ. ಅಲ್ಲಿ ಐದು ವರ್ಷದೊಳಗಿನ ಲಕ್ಷ ಮಕ್ಕಳಲ್ಲಿ ವರ್ಷಕ್ಕೆ ಹತ್ತಕ್ಕಿಂತ ಕಡಿಮೆ ಮಂದಿ, ಆದರೆ ಸಂಖ್ಯೆ ಏರುತ್ತಾ ಬಂದಿದೆ. ಜಪಾನಿನ ಮುನ್ನೂರರ ಎದುರು ಇದು ಏನೂ ಅಲ್ಲ ಅನ್ನಿಸಬಹುದು. ವಂಶವಾಹಿಯ ವ್ಯತ್ಯಾಸ ಇರಬಹುದು, ಒಪ್ಪೋಣ. ಆದರೆ ನಮ್ಮಲ್ಲಿ ಗುರುತು ಸಿಗದೆ ಹೋಗುವ ಮಕ್ಕಳ ಪಾಲು ದೊಡ್ಡದು ಅಂತ ಅಲ್ಲಿನ ಡಾಕ್ಟರುಗಳೇ ಹೇಳುತ್ತಾ ಬಂದಿದ್ದಾರೆ. ಯಾಕೆ ಅನ್ನುವುದು ನಮ್ಮ ಮನೆಗಳಲ್ಲೇ ಕಾಣುತ್ತದೆ. ಜ್ವರ, ಮೈಮೇಲೆ ದದ್ದು ಅಂದ ಕೂಡಲೇ ಹಳ್ಳಿಗಳಲ್ಲಿ ಈಗಲೂ ಅಮ್ಮ ಬಂದಿದ್ದಾಳೆ ಅಂತ ಬೇವಿನ ಸೊಪ್ಪು ಇಟ್ಟು ಔಷಧಿ ನಿಲ್ಲಿಸುವವರಿದ್ದಾರೆ. ಪೇಟೆಯಲ್ಲಿ ಮೂರನೇ ದಿನಕ್ಕೆ ಆ್ಯಂಟಿಬಯಾಟಿಕ್ ಶುರುವಾಗುತ್ತದೆ, ನಾಲ್ಕನೇ ದಿನ ದದ್ದು ಬಂದರೆ ಔಷಧಿ ಅಲರ್ಜಿ ಅಂತ ಇನ್ನೊಂದು ಆ್ಯಂಟಿಬಯಾಟಿಕ್, ಮಳೆಗಾಲವಾದರೆ ಡೆಂಗಿ ಪರೀಕ್ಷೆ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ ಅಂತ ಈಗ ಎಲ್ಲರಿಗೂ ಗೊತ್ತು. ಕವಾಸಾಕಿಯಲ್ಲಿ ಎರಡನೇ ವಾರಕ್ಕೆ ಪ್ಲೇಟ್‌ಲೆಟ್ ಏರುತ್ತದೆ, ಅದನ್ನು ನೋಡಿ ಸದ್ಯ ಡೆಂಗಿ ಅಲ್ಲ ಅಂತ ಸಮಾಧಾನಪಟ್ಟು ಮನೆಗೆ ಹೋಗುವವರು ಎಷ್ಟೋ.

ಆ ದಿನಗಳು ಅಮೂಲ್ಯ. ಜ್ವರ ಶುರುವಾದ ಹತ್ತು ದಿನದೊಳಗೆ ಐವಿಐಜಿ ಅನ್ನುವ ಔಷಧಿ ಕೊಟ್ಟರೆ ಕೊರೊನರಿ ನಾಳ ಉಬ್ಬುವ ಅಪಾಯ ನೂರಕ್ಕೆ 25ರಿಂದ 5ರ ಆಸುಪಾಸಿಗೆ ಇಳಿಯುತ್ತದೆ. ಇದನ್ನು ಮೊದಲು ತೋರಿಸಿದ್ದು 1984ರಲ್ಲಿ ಜಪಾನಿನಲ್ಲಿ, 1986ರಲ್ಲಿ ಅಮೆರಿಕದ ಪ್ರಯೋಗ ಅದನ್ನು ಖಚಿತ ಮಾಡಿತು. ಸಾವಿರಾರು ಜನ ದಾನ ಮಾಡಿದ ರಕ್ತದಿಂದ ಬೇರ್ಪಡಿಸಿದ ಪ್ರತಿಕಾಯಗಳು ಅವು. ಮಗುವಿನ ಒಂದು ಕಿಲೋ ತೂಕಕ್ಕೆ 2 ಗ್ರಾಂ ಲೆಕ್ಕ, ಅಂದರೆ ಹತ್ತು ಕಿಲೋ ಮಗುವಿಗೆ 20 ಗ್ರಾಂ, ಐದು ಗ್ರಾಂನ ನಾಲ್ಕು ಬಾಟಲಿ. ಒಂದೊಂದು ಬಾಟಲಿಗೂ ಸಾವಿರಾರು ರೂಪಾಯಿ. ಕೂಲಿ ಮಾಡುವ ಮನೆಗೆ ಇದು ದೊಡ್ಡ ಹೊರೆ, ಹಣ ಹೊಂದಿಸುವುದರಲ್ಲೇ ಎರಡು ದಿನ ಹೋಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ, ಜಿಲ್ಲಾ ಮಟ್ಟದಲ್ಲಿ, ಇದು ಕೇಳಿದ ಕೂಡಲೇ ಸಿಗುವ ಔಷಧಿ ಆಗಬೇಕು ಅನ್ನುವುದು ನನ್ನ ಬಲವಾದ ಆಗ್ರಹ. ನೂರಕ್ಕೆ ಹತ್ತರಿಂದ ಇಪ್ಪತ್ತು ಮಕ್ಕಳಿಗೆ ಒಂದು ಸಲ ಕೊಟ್ಟರೂ ಜ್ವರ ಬಿಡುವುದಿಲ್ಲ, ಅವರಿಗೆ ಸ್ಟೀರಾಯ್ಡ್, ಇನ್‌ಫ್ಲಿಕ್ಸಿಮ್ಯಾಬ್‌ನಂಥ ಬೇರೆ ಔಷಧಿಗಳಿವೆ.

ಶುರು ಮಾಡುವುದು ಯಾವುದು ಅಂತ ತಿಳಿಯುವುದು ಬರೀ ಕುತೂಹಲಕ್ಕಲ್ಲ ಅನ್ನುವುದೂ ಇದಕ್ಕೇ. ಇವತ್ತು ಕವಾಸಾಕಿಗೆ ಅಂತಲೇ ಒಂದು ರಕ್ತ ಪರೀಕ್ಷೆ ಇಲ್ಲ. ಇಎಸ್‌ಆರ್, ಸಿಆರ್‌ಪಿ ಎಂಬ ರಕ್ತ ಪರೀಕ್ಷೆಗಳ ಅಂಕಿ ಏರಿದ್ದರೆ ಉರಿಯೂತ ಇದೆ ಅಂತಷ್ಟೇ ಗೊತ್ತಾಗುತ್ತದೆ, ಎಕೋ (ಹೃದಯದ ಸ್ಕ್ಯಾನ್) ಮಾಡಿದರೆ ನಾಳ ಉಬ್ಬಿದೆಯಾ ಅಂತ ಗೊತ್ತಾಗುತ್ತದೆ, ಉಳಿದದ್ದೆಲ್ಲ ಡಾಕ್ಟರ ಕಣ್ಣು ಮತ್ತು ಅನುಭವ. ಕ್ರಿಮಿ ಯಾವುದೆಂದು ತಿಳಿದರೆ ತಾಲೂಕು ಆಸ್ಪತ್ರೆಯಲ್ಲೂ ಮಾಡಬಹುದಾದ ಪರೀಕ್ಷೆ ಬರಬಹುದು. ಅದು ಒಂದೇ ಆಗಿದ್ದರೆ ಲಸಿಕೆಯೂ ಬರಬಹುದು. ಹಲವಾಗಿದ್ದರೆ, ನನ್ನ ಊಹೆಯಂತೆ, ಪರೀಕ್ಷೆಯನ್ನು ಕ್ರಿಮಿಯಲ್ಲಿ ಹುಡುಕುವ ಬದಲು ಮಗುವಿನ ದೇಹ ಕೆರಳುವ ರೀತಿಯಲ್ಲಿ ಹುಡುಕಬೇಕಾಗುತ್ತದೆ.

ಅಲ್ಲಿಯವರೆಗೆ ಮನೆಯವರು ಮಾಡಬಹುದಾದದ್ದು ಸಣ್ಣದು, ಆದರೆ ಬೆಲೆಯುಳ್ಳದ್ದು. ಜ್ವರ ಶುರುವಾದ ದಿನ ಬರೆದಿಡಿ. ಕೆಂಪು ಕಣ್ಣು, ದದ್ದು, ತುಟಿ, ಬಿಸಿಜಿ ಕಲೆ ಯಾವುದು ಕಂಡರೂ ಮೊಬೈಲಿನಲ್ಲಿ ಫೋಟೋ ತೆಗೆದಿಡಿ, ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಅದು ಮಾಯವಾಗಿರಬಹುದು. ಐದನೇ ದಿನವೂ ಜ್ವರ ಇದ್ದರೆ "ಇದು ಕವಾಸಾಕಿ ಇರಬಹುದಾ ಸರ್?" ಅಂತ ಕೇಳಲು ಸಂಕೋಚ ಬೇಡ. ಕೂಸು ಒಂದು ವರ್ಷದೊಳಗಿನದ್ದಾದರೆ ಐದನೇ ದಿನದವರೆಗೂ ಕಾಯಬೇಡಿ. ಚಿಕಿತ್ಸೆ ಆದ ಮೇಲೆ ಆರರಿಂದ ಎಂಟು ವಾರ ಸಣ್ಣ ಪ್ರಮಾಣದಲ್ಲಿ ಆ್ಯಸ್ಪಿರಿನ್ ಕೊಡುತ್ತಾರೆ, ಆ ಅವಧಿಯಲ್ಲಿ ಫ್ಲೂ ಅಥವಾ ಚಿಕನ್‌ಪಾಕ್ಸ್ ಬಂದರೆ ತಡಮಾಡದೆ ಡಾಕ್ಟರಿಗೆ ಹೇಳಬೇಕು. ಐವಿಐಜಿ ಪಡೆದ ಮಗುವಿಗೆ ದಡಾರ, ಚಿಕನ್‌ಪಾಕ್ಸ್ ಲಸಿಕೆಗಳನ್ನು ಸಾಮಾನ್ಯವಾಗಿ 11 ತಿಂಗಳು ಮುಂದಕ್ಕೆ ಹಾಕುತ್ತಾರೆ, ಯಾಕೆಂದರೆ ಅಲ್ಲಿಯವರೆಗೆ ದಾನಿಗಳ ಪ್ರತಿಕಾಯಗಳು ಲಸಿಕೆ ಕೆಲಸ ಮಾಡಲು ಬಿಡುವುದಿಲ್ಲ. ಆಶಾ ಕಾರ್ಯಕರ್ತೆಗೆ ಈ ವಿಷಯ ತಿಳಿಸಿ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಎಕೋ ರಿಪೋರ್ಟು, ಡಿಸ್ಚಾರ್ಜ್ ಪತ್ರ ಎರಡನ್ನೂ ಜೋಪಾನವಾಗಿ ಇಡಿ. ಆ ಮಗು ಮೂವತ್ತರ ಹರೆಯದಲ್ಲಿ ಎದೆನೋವು ಅಂತ ಆಸ್ಪತ್ರೆಗೆ ಹೋದರೆ, ಅಲ್ಲಿನ ಡಾಕ್ಟರ್ ಮೊದಲು ನೋಡಬೇಕಾದ ಕಾಗದ ಅದೇ.